ಗ್ವಾಡಲ್‌ಕೆನಾಲ್ 1942: ಕದನಗಳ ಹೆಸರು ಬದಿಗಿಟ್ಟು ಗಡಿಯಾರ ನೋಡಿ ಓದಿದರೆ

ದಿನಚರಿ ಓದುಗ:
ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಜಪಾನ್ ಕಾದಾಡಿದ, ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಲ್ಲೊಂದಾದ ಗ್ವಾಡಲ್‌ಕೆನಾಲ್ ಬಗ್ಗೆ ಓದಲು ಕೂತರೆ ಸಾವೋ, ಪೂರ್ವ ಸೊಲೊಮನ್, ಸಾಂತಾ ಕ್ರೂಜ್, ಟಸ್ಸಾಫರೊಂಗಾ ಅಂತ ಕದನಗಳ ಹೆಸರೇ ಸಾಲುಗಟ್ಟಿ ಬರುತ್ತವೆ. ನಾನೂ ಬಹಳ ವರ್ಷ ಹಾಗೇ ಓದಿದೆ. ಆದರೆ 1942ರ ಆಗಸ್ಟ್ 7ರಂದು ಅಮೆರಿಕನ್ ಮರೀನ್‌ಗಳು ದಡಕ್ಕಿಳಿದಾಗಿನಿಂದ 1943ರ ಫೆಬ್ರವರಿಯವರೆಗೆ ಆರು ತಿಂಗಳು ಹೋರಾಟ ನಡೆದಿದೆ. ಹೆಸರು ಬಿದ್ದಿರುವ ನೌಕಾ ಕದನಗಳನ್ನೆಲ್ಲ ಕೂಡಿಸಿದರೂ ಹದಿನೈದು ದಿನ ಆಗುವುದಿಲ್ಲ. ಉಳಿದ ದಿನಗಳಲ್ಲಿ ಏನಾಗುತ್ತಿತ್ತು? ನನ್ನ ಮಟ್ಟಿಗೆ ಆ ದ್ವೀಪದ ಗೆಲುವು ಸೋಲು ತೀರ್ಮಾನವಾದದ್ದು ಆ ಹೆಸರಿಲ್ಲದ ದಿನಗಳಲ್ಲೇ.

ಒಂದು ಸಾಮಾನ್ಯ ದಿನವನ್ನು ತಗೊಳ್ಳಿ. ಸೆಪ್ಟೆಂಬರ್ ಕೊನೆ ಅಂತಿಟ್ಟುಕೊಳ್ಳಿ. ಬೆಳಕು ಹರಿಯುವ ಹೊತ್ತಿಗೆ ದ್ವೀಪದ ಅಮೆರಿಕನ್ ವಿಮಾನ ನೆಲೆ ಹೆಂಡರ್ಸನ್ ಫೀಲ್ಡಿನಿಂದ ಡೌಂಟ್‌ಲೆಸ್ ಬಾಂಬರ್ ವಿಮಾನಗಳು ವಾಯವ್ಯಕ್ಕೆ ಹೊರಡುತ್ತವೆ. ಎರಡು ಸಾಲು ದ್ವೀಪಗಳ ನಡುವಿನ ನೀರಿನ ಓಣಿಗೆ ಅಮೆರಿಕನ್ನರು ‘ಸ್ಲಾಟ್’ ಅನ್ನುತ್ತಿದ್ದರು. ಅದನ್ನು 300 ಕಿಲೋಮೀಟರಿಗೂ ಹೆಚ್ಚು ದೂರ ತಡಕಾಡಿ ಬರುವುದು ಇವುಗಳ ಕೆಲಸ. ಹಿಂದಿನ ರಾತ್ರಿ ಬಂದು ಹೋದ ಜಪಾನಿ ಡೆಸ್ಟ್ರಾಯರ್ (ಚಿಕ್ಕ, ವೇಗದ ಯುದ್ಧನೌಕೆ) ಇನ್ನೂ ಕೈಗೆಟುಕುವಷ್ಟು ಹತ್ತಿರ ಇದ್ದರೆ ಅದರ ಮೇಲೆ ಬಾಂಬ್. ಅದೇ ಹೊತ್ತಿಗೆ, ಸುಮಾರು 1,050 ಕಿಲೋಮೀಟರ್ ಆಚೆ ಜಪಾನಿನ ದೊಡ್ಡ ನೆಲೆಯಾದ ರಬೌಲ್‌ನಲ್ಲಿ ಅವರ ಬಾಂಬರ್‌ಗಳ ಎಂಜಿನ್ ಶುರುವಾಗಿರುತ್ತದೆ. ನಾಲ್ಕು ಗಂಟೆ ಹಾರಾಟ. ಹಾಗಾಗಿ ದಾಳಿ ಬರುವುದು ಮಧ್ಯಾಹ್ನದ ಆಸುಪಾಸಿಗೆ, ಹೆಚ್ಚುಕಡಿಮೆ ಊಟದ ಹೊತ್ತಿಗೆ. ಆಮೇಲೆ ಬಾಂಬ್ ಬಿದ್ದ ಗುಂಡಿ ಮುಚ್ಚುವುದು, ಮಧ್ಯಾಹ್ನದ ಮೇಲೆ ಮತ್ತೊಂದು ಸುತ್ತು ಹುಡುಕಾಟ. ಅಮೆರಿಕನ್ ಹಡಗುಗಳು ಸಾಮಾನು ಇಳಿಸುವುದೂ ಹಗಲಿನಲ್ಲೇ. ಸಂಜೆಯಾಗುತ್ತಿದ್ದಂತೆ ಜಾಗ ಖಾಲಿ. ಕತ್ತಲಾದ ಮೇಲೆ ಅದೇ ನೀರಿಗೆ ಜಪಾನಿನ ಡೆಸ್ಟ್ರಾಯರ್‌ಗಳು ಬಂದು ಸೈನಿಕರನ್ನೂ ಅಕ್ಕಿಯನ್ನೂ ಇಳಿಸುತ್ತವೆ. ಬೆಳಗಾದರೆ ಮತ್ತೆ ಡೌಂಟ್‌ಲೆಸ್.

ಒಂದೇ ಕಡಲಿಗೆ ಹಗಲೊಬ್ಬ ಒಡೆಯ, ರಾತ್ರಿಯೊಬ್ಬ ಒಡೆಯ. ದಿನಕ್ಕೆ ಎರಡು ಸಲ ಕೈ ಬದಲು. ಇದನ್ನು ಹಿಡಿದು ಓದಿದಾಗ ನನಗೆ ಎಲ್ಲವೂ ಬೇರೆಯಾಗಿ ಕಂಡಿತು. ನೀವೇನಂತೀರಿ?

ಹೊಸಬ:
ಸಾರ್, ತೀರಾ ಮೂಲದ ಪ್ರಶ್ನೆ. ಅಷ್ಟು ಚಿಕ್ಕ ದ್ವೀಪದ ಒಂದು ರನ್‌ವೇಗೆ ಯಾಕೆ ಇಷ್ಟೊಂದು ಜೀವ ಕೊಟ್ಟರು?

ದಿನಚರಿ ಓದುಗ:
ಒಳ್ಳೆಯ ಪ್ರಶ್ನೆ. ಅಲ್ಲಿ ವಿಮಾನ ನೆಲೆ ಕಟ್ಟಲು ಶುರು ಮಾಡಿದ್ದು ಜಪಾನೀಯರು, ಲುಂಗಾ ನದಿಯ ಪಕ್ಕದ ಬಯಲಿನಲ್ಲಿ. ಅದು ಮುಗಿದಿದ್ದರೆ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಹೋಗುವ ಹಡಗು ದಾರಿಯ ಮೇಲೆ ಅಲ್ಲಿಂದ ಕಣ್ಣಿಡಬಹುದಿತ್ತು. ಮುಗಿಯುವ ಮೊದಲೇ ಆಗಸ್ಟ್ 8ಕ್ಕೆ ಮರೀನ್‌ಗಳು ಹಿಡಿದರು. ಮಿಡ್‌ವೇ ಕದನದಲ್ಲಿ ಸತ್ತ ಮೇಜರ್ ಲಾಫ್ಟನ್ ಹೆಂಡರ್ಸನ್ ಹೆಸರಿಟ್ಟರು. ಆದರೆ 8ರ ರಾತ್ರಿಯೇ ಸಾವೋ ದ್ವೀಪದ ಹತ್ತಿರ ಜಪಾನಿನ ಅಡ್ಮಿರಲ್ ಮಿಕಾವಾ ಅಮೆರಿಕ ಮತ್ತು ಆಸ್ಟ್ರೇಲಿಯಾದ ನಾಲ್ಕು ಭಾರಿ ಕ್ರೂಸರ್ ಯುದ್ಧನೌಕೆಗಳನ್ನು ಮುಳುಗಿಸಿಬಿಟ್ಟ: ಕ್ಯಾನ್‌ಬೆರಾ, ಅಸ್ಟೋರಿಯಾ, ಕ್ವಿನ್ಸಿ, ವಿನ್ಸೆನ್ಸ್. ಸಾಮಾನು ಪೂರ್ತಿ ಇಳಿಸದೆಯೇ ಸಾಗಣೆ ಹಡಗುಗಳು ಆಗಸ್ಟ್ 9ಕ್ಕೆ ಹೊರಟುಹೋದವು. ದಡದಲ್ಲಿ ಉಳಿದವರಿಗೆ ದಿನಕ್ಕೆ ಎರಡೇ ಊಟ, ಅದರಲ್ಲೂ ಬಹುಪಾಲು ಜಪಾನೀಯರು ಬಿಟ್ಟು ಓಡಿದ್ದ ಅಕ್ಕಿ. ಮೊದಲ ಯುದ್ಧವಿಮಾನಗಳು ಬಂದದ್ದು ಆಗಸ್ಟ್ 20ಕ್ಕೆ. ಕಾಳಗದ ವಿಮಾನ ವೈಲ್ಡ್‌ಕ್ಯಾಟ್ 19, ಡೌಂಟ್‌ಲೆಸ್ 12. ಗಡಿಯಾರ ಓಡಲು ಶುರುವಾದದ್ದು ಆ ದಿನದಿಂದ.

ತದಡಿ ಕಡಲು:
ಅಣ್ಣ, ನೀವು ಹೇಳಿದ ರಾತ್ರಿ ಪ್ರಯಾಣವನ್ನು ನಾನು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ, ಇಲ್ಲಿ ಹಂಚಿಕೊಳ್ಳುತ್ತೇನೆ.

ಜಪಾನಿನ ಡೆಸ್ಟ್ರಾಯರ್‌ಗಳು ಹೊರಡುತ್ತಿದ್ದದ್ದು ಸೊಲೊಮನ್ ಸಾಲಿನ ವಾಯವ್ಯದ ಬೂಗನ್‌ವಿಲ್ ದ್ವೀಪದ ದಕ್ಷಿಣಕ್ಕಿರುವ ಶಾರ್ಟ್‌ಲ್ಯಾಂಡ್ ದ್ವೀಪಗಳಿಂದ. ಅಲ್ಲಿಂದ ಗ್ವಾಡಲ್‌ಕೆನಾಲ್ ಸುಮಾರು 300 ನಾಟಿಕಲ್ ಮೈಲಿ. 30 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 30 ನಾಟಿಕಲ್ ಮೈಲಿಯಂತೆ, ಹತ್ತು ಗಂಟೆ. ಗ್ವಾಡಲ್‌ಕೆನಾಲ್ ಭೂಮಧ್ಯರೇಖೆಗೆ ಎಷ್ಟು ಹತ್ತಿರ ಅಂದರೆ ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಹನ್ನೆರಡು ಹನ್ನೆರಡು ಗಂಟೆ. ಸಂಜೆ ಆರಕ್ಕೆ ಸೂರ್ಯ ಮುಳುಗಿದ ಅಂದರೆ ಮುಳುಗಿದ, ಮುಸ್ಸಂಜೆ ಉದ್ದಕ್ಕೆ ಎಳೆಯುವುದಿಲ್ಲ. ಮಧ್ಯರಾತ್ರಿಗೆ ದಡ ತಲುಪಬೇಕಾದರೆ ಆರು ಗಂಟೆಗೆ ಇನ್ನೂ 180 ಮೈಲಿ ಆಚೆ ಇರಬೇಕು. ಅಂದರೆ ಹೆಂಡರ್ಸನ್ ಫೀಲ್ಡಿನ ವಿಮಾನಗಳು ಆ ದಿನದ ಕೊನೆಯ ಸುತ್ತಿನಲ್ಲಿ ಮುಟ್ಟಬಹುದಾದ ಅಂಚಿನಲ್ಲೇ. ಒಂದು ಗಂಟೆ ಮುಂಚೆ ಬಂದರೆ ಬೆಳಕಿನಲ್ಲಿ ಸಿಕ್ಕಿಬೀಳುತ್ತಾರೆ, ಒಂದು ಗಂಟೆ ತಡವಾದರೆ ವಾಪಸ್ ಹೋಗುವಾಗ ಬೆಳಗಾಗುತ್ತದೆ. ದಡದ ಹತ್ತಿರ ನಿಲ್ಲಲು ಸಿಗುವುದು ಒಂದೆರಡು ಗಂಟೆ ಅಷ್ಟೆ. ಕರಾವಳಿಯಲ್ಲಿ ಬೆಳೆದವನಿಗೆ ಗೊತ್ತು: ಅಲೆ ಹೊಡೆಯುವ ದಡದಲ್ಲಿ, ಕತ್ತಲೆಯಲ್ಲಿ, ದೀಪವಿಲ್ಲದೆ, ದೋಣಿಗೆ ಸಾಮಾನು ಇಳಿಸಲು ಆ ಹೊತ್ತು ಏನೇನೂ ಸಾಲದು.

ಇದನ್ನು ಅಮೆರಿಕನ್ನರು ‘ಟೋಕಿಯೋ ಎಕ್ಸ್‌ಪ್ರೆಸ್’ ಅಂದರು. ಜಪಾನೀಯರು ತಾವೇ ‘ಇಲಿ ಸಾಗಣೆ’ ಅನ್ನುತ್ತಿದ್ದರಂತೆ. ಇಲಿಯ ಹಾಗೆ ರಾತ್ರಿ ಓಡಾಟ.

ನಕ್ಷೆಪ್ರಿಯೆ:
ತದಡಿಯವರ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. ವೇಗ ಸಿಕ್ಕಿತು, ಆದರೆ ಜಾಗ ಸಿಗಲಿಲ್ಲ. ಆಗಸ್ಟ್ 18ರ ರಾತ್ರಿ ಜಪಾನಿನ ಕರ್ನಲ್ ಇಚಿಕಿಯ ಪಡೆಯ ಮೊದಲ ತಂಡ, ಸುಮಾರು 900 ಮಂದಿ, ಆರು ಡೆಸ್ಟ್ರಾಯರ್‌ಗಳಲ್ಲಿ ಬಂದರು. ಹಡಗಿಗೆ 150 ಜನ. ಡೆಕ್ಕಿನ ಮೇಲೆ ಕೂತು ಬರುವ ಮನುಷ್ಯ, ಅವನ ಬಂದೂಕು, ಕೆಲವು ದಿನದ ಊಟ. ಭಾರಿ ಫಿರಂಗಿ, ಟ್ಯಾಂಕ್, ಮೂಟೆ ಮೂಟೆ ಅಕ್ಕಿ ತರಬೇಕಾದರೆ ನಿಧಾನವಾದ ಸಾಗಣೆ ಹಡಗು ಬೇಕು. ನಿಧಾನವಾದ ಹಡಗು ಒಂದೇ ರಾತ್ರಿಯಲ್ಲಿ ಬಂದು ಹೋಗಲಾರದು, ಹಗಲು ಸಿಕ್ಕೇ ಸಿಗುತ್ತದೆ. ಹಗಲಿನಲ್ಲಿ ಬದುಕಬೇಕಾದರೆ ಹೆಂಡರ್ಸನ್ ಫೀಲ್ಡ್ ಬಾಯಿ ಮುಚ್ಚಿರಬೇಕು. ಅದನ್ನು ಮುಚ್ಚಿಸಲು ಭಾರಿ ಫಿರಂಗಿ ಬೇಕು. ಈ ಕೊಂಡಿ ಸುತ್ತಿಕೊಂಡು ಮೊದಲಿಗೇ ಬರುತ್ತದೆ. ಜಪಾನಿನ ಕಡೆಯ ಅಷ್ಟೂ ಸಂಕಟ ಇಲ್ಲೇ ಇದೆ.

ಕೆಂಗೇರಿ ಮೆಕ್ಯಾನಿಕ್:
ವಿಮಾನದ ಕಡೆಯಿಂದ ನೋಡೋಣ. ಜಪಾನಿನ ಕಾಳಗದ ವಿಮಾನ ಝೀರೋ ಬಲು ಚುರುಕು ಅಂತ ಎಲ್ಲರೂ ಹೇಳ್ತಾರೆ, ನಿಜ. ಆದರೆ ಒಂದೇ ಆಸನದ ಆ ವಿಮಾನದಲ್ಲಿ ನಾಲ್ಕು ಗಂಟೆ ಕಡಲ ಮೇಲೆ ಹೋಗಿ, ಕೆಲವೇ ನಿಮಿಷ ಹೋರಾಡಿ, ಮತ್ತೆ ನಾಲ್ಕು ಗಂಟೆ ವಾಪಸ್ ಬರಬೇಕು. ದಾರಿಯಲ್ಲಿ ಇಳಿಯಲು ಸರಿಯಾದ ನೆಲೆಯೇ ಇಲ್ಲ. ಬೂಗನ್‌ವಿಲ್‌ನ ಬುಯಿನ್ ನೆಲೆ ಬಳಕೆಗೆ ಬಂದದ್ದು ಅಕ್ಟೋಬರ್‌ನಲ್ಲಿ. ಹೊಸದಾಗಿ ಬಂದಿದ್ದ ರೆಕ್ಕೆ ಮೊಟಕಾದ ಝೀರೋ ಮಾದರಿಗೆ ರಬೌಲ್‌ನಿಂದ ಹೋಗಿ ಬರುವಷ್ಟು ದೂರ ಹಾರುವ ಶಕ್ತಿಯೇ ಇರಲಿಲ್ಲ, ಅವು ಸುಮ್ಮನೆ ನಿಂತಿದ್ದವು. ಜಪಾನಿ ಪೈಲಟ್ ಸಬುರೋ ಸಕಾಯ್ ಆಗಸ್ಟ್ 7ರಂದು ತಲೆಗೆ ಗುಂಡೇಟು ತಿಂದು, ಒಂದು ಕಣ್ಣು ಕಾಣದೆ, ನಾಲ್ಕೂವರೆ ಗಂಟೆಗೂ ಮೀರಿ ಹಾರಿಸಿಕೊಂಡು ರಬೌಲ್ ಸೇರಿದ. ಅವನು ಸೇರಿದ. ಎಂಜಿನ್ನಿಗೋ ಟ್ಯಾಂಕಿಗೋ ಏಟು ಬಿದ್ದ ಎಷ್ಟೋ ಮಂದಿ ಸೇರಲಿಲ್ಲ.

ವೈಲ್ಡ್‌ಕ್ಯಾಟ್ ಭಾರ, ಮೇಲೇರುವುದು ನಿಧಾನ. ತಿರುಗಾಟದಲ್ಲಿ ಝೀರೋಗೆ ಸಾಟಿಯಲ್ಲ. ಆದರೆ ಅದು ಬಿದ್ದದ್ದು ತನ್ನ ಮನೆಯಂಗಳದಲ್ಲಿ. ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದರೆ ದ್ವೀಪದವರು ದೋಣಿಯಲ್ಲಿ ಕೂರಿಸಿಕೊಂಡು ತಂದು ಬಿಡುತ್ತಿದ್ದರು. ವಿಮಾನ ಹೋದರೂ ಮನುಷ್ಯ ಮರಳಿ ಬರುತ್ತಿದ್ದ. ನನಗೆ ಮುಖ್ಯ ಅನ್ನಿಸುವುದು ಇದು.

ಹೊಸಬ:
ಮೇಲೇರುವುದು ನಿಧಾನ ಅಂದಮೇಲೆ ದಾಳಿ ಬರುವುದು ಮೊದಲೇ ಗೊತ್ತಾಗಬೇಕಲ್ಲ?

ದಿನಚರಿ ಓದುಗ:
ಅದನ್ನು ಹೇಳಲೆಂದೇ ಕಾದಿದ್ದೆ. ಬಾಂಬರ್‌ಗಳು ಬರುತ್ತಿದ್ದ ಎತ್ತರಕ್ಕಿಂತ ಮೇಲಕ್ಕೆ ಹೋಗಿ ಕಾಯಲು ವೈಲ್ಡ್‌ಕ್ಯಾಟ್‌ಗೆ ಅರ್ಧ ಗಂಟೆಗೂ ಹೆಚ್ಚು ಬೇಕು. ಆ ಹೊತ್ತನ್ನು ದೊರಕಿಸಿಕೊಟ್ಟವರು ಕಾಡಿನಲ್ಲಿ ಕೂತಿದ್ದ ಕರಾವಳಿ ಕಾವಲುಗಾರರು. ಆಸ್ಟ್ರೇಲಿಯಾದ ನೌಕಾಪಡೆಯ ಎರಿಕ್ ಫೆಲ್ಡ್ ಕಟ್ಟಿದ ಜಾಲ ಅದು. ತೋಟ ನೋಡಿಕೊಳ್ಳುತ್ತಿದ್ದವರು, ಸರ್ಕಾರಿ ಅಧಿಕಾರಿಗಳು, ಆ ದ್ವೀಪಗಳಲ್ಲೇ ವರ್ಷಗಟ್ಟಲೆ ಇದ್ದವರು. ಬೂಗನ್‌ವಿಲ್‌ನ ದಕ್ಷಿಣ ತುದಿಯ ಬೆಟ್ಟದ ಮೇಲೆ ಪಾಲ್ ಮೇಸನ್, ಉತ್ತರದಲ್ಲಿ ಜ್ಯಾಕ್ ರೀಡ್. ರಬೌಲ್‌ನಿಂದ ಹೊರಟ ವಿಮಾನಗಳು ಇವರ ತಲೆಯ ಮೇಲೇ ಹಾದುಹೋಗಬೇಕು. ಎಣಿಸಿ ರೇಡಿಯೋದಲ್ಲಿ ತಿಳಿಸಿದರೆ ಹೆಂಡರ್ಸನ್ ಫೀಲ್ಡಿಗೆ ಹೆಚ್ಚುಕಡಿಮೆ ಎರಡು ಗಂಟೆ ಮುಂಚಿತವಾಗಿ ಗೊತ್ತಾಗುತ್ತಿತ್ತು.

ಆ ರೇಡಿಯೋ ಜೇಬಿನಲ್ಲಿಟ್ಟುಕೊಳ್ಳುವ ವಸ್ತುವಲ್ಲ. ಬ್ಯಾಟರಿ, ಚಾರ್ಜ್ ಮಾಡುವ ಎಂಜಿನ್, ಅದಕ್ಕೆ ಪೆಟ್ರೋಲ್ ಎಲ್ಲ ಸೇರಿ ಹತ್ತಕ್ಕೂ ಹೆಚ್ಚು ಮಂದಿ ಹೊರಬೇಕು. ಜಪಾನಿ ಗಸ್ತು ಹತ್ತಿರ ಬಂದಾಗಲೆಲ್ಲ ಎಲ್ಲವನ್ನೂ ಹೊತ್ತು ಇನ್ನೊಂದು ಗುಡ್ಡ ಏರಬೇಕು. ಹೊತ್ತವರು ದ್ವೀಪದ ಜನ. ಅವರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೂ ಎಲ್ಲ ಮುಗಿಯುತ್ತಿತ್ತು. ಗ್ವಾಡಲ್‌ಕೆನಾಲ್‌ನಲ್ಲೇ ಇಂಥದೇ ಕಾವಲುಗಾರ ಮಾರ್ಟಿನ್ ಕ್ಲೆಮೆನ್ಸ್ ಜೊತೆಗಿದ್ದ ನಿವೃತ್ತ ಪೊಲೀಸ್ ಜೇಕಬ್ ವೂಜಾ ಜಪಾನೀಯರ ಕೈಗೆ ಸಿಕ್ಕರು. ಮರಕ್ಕೆ ಕಟ್ಟಿ ಬಯೊನೆಟ್‌ನಿಂದ ತಿವಿದರೂ ಏನೂ ಹೇಳಲಿಲ್ಲ. ಸತ್ತರೆಂದು ಬಿಟ್ಟುಹೋದ ಮೇಲೆ ಹಗ್ಗ ಕಡಿದುಕೊಂಡು ತೆವಳುತ್ತ ಬಂದು ಮರೀನ್‌ಗಳಿಗೆ ಸುದ್ದಿ ಮುಟ್ಟಿಸಿದರು. ಯುದ್ಧದ ಚರಿತ್ರೆಯಲ್ಲಿ ಈ ಜನರಿಗೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ನನಗೆ ಇದು ನೋವಿನ ಸಂಗತಿ.

ಕೆಂಗೇರಿ ಮೆಕ್ಯಾನಿಕ್:
ನಿಜ ಸಾರ್. ಗುಂಡಿ ಮುಚ್ಚುವವರ ಬಗ್ಗೆಯೂ ಬರೆಯಬೇಕು. ಸೆಪ್ಟೆಂಬರ್ 1ಕ್ಕೆ ಅಮೆರಿಕನ್ ನೌಕಾಪಡೆಯ 6ನೇ ನಿರ್ಮಾಣ ಬೆಟಾಲಿಯನ್ ಬಂತು. ‘ಸೀಬೀ’ಗಳು ಅಂತ ಕರೀತಾರೆ. 500 ಪೌಂಡಿನ ಬಾಂಬ್ ಬಿದ್ದರೆ ಎಷ್ಟು ಮಣ್ಣು ಏಳುತ್ತದೆ ಅಂತ ಮೊದಲೇ ಅಳೆದು, ಅಷ್ಟೇ ಜಲ್ಲಿ ಮರಳನ್ನು ಲಾರಿಗಳಿಗೆ ತುಂಬಿ ರನ್‌ವೇ ಪಕ್ಕದಲ್ಲಿ ಮರೆಮಾಡಿ ನಿಲ್ಲಿಸಿರುತ್ತಿದ್ದರು. ಮೇಲೆ ಹಾಸುವ ತೂತಿನ ಉಕ್ಕಿನ ಹಲಗೆಗಳೂ ಅಳತೆಗೆ ತಕ್ಕಂತೆ ಕಟ್ಟಿಟ್ಟಿರುತ್ತಿದ್ದವು. ಬಾಂಬರ್‌ಗಳು ತಲೆ ಮೇಲಿಂದ ದಾಟುತ್ತಿದ್ದಂತೆ ಓಡಿ ಬಂದು ಕೆಲಸ ಶುರು. ನೂರು ಜನ ಸೇರಿದರೆ ನಲವತ್ತು ನಿಮಿಷದಲ್ಲಿ ಒಂದು ಗುಂಡಿ ಮುಚ್ಚಿಹೋಗುತ್ತಿತ್ತು. ಯಾಕೆ ಅಷ್ಟು ಆತುರ ಅಂದರೆ ಮೇಲೆ ಹೋರಾಡುತ್ತಿರುವ ವೈಲ್ಡ್‌ಕ್ಯಾಟ್‌ಗಳು ಪೆಟ್ರೋಲ್ ಮುಗಿಯುವ ಮೊದಲು ಅದೇ ರನ್‌ವೇ ಮೇಲೆ ಇಳಿಯಬೇಕು.

ರಾತ್ರಿ ಪಾಳಿ:
ಚರ್ಚೆ ಚೆನ್ನಾಗಿದೆ, ಆದರೆ ಮೂಲ ವಾದವನ್ನು ನಾನು ಒಪ್ಪುವುದಿಲ್ಲ. ದೊಡ್ಡ ಕದನಗಳನ್ನು ಬದಿಗಿಟ್ಟರೆ ನಿಮ್ಮ ಗಡಿಯಾರವೇ ನಿಂತುಹೋಗುತ್ತಿತ್ತು. ಅಕ್ಟೋಬರ್ 13ರ ರಾತ್ರಿ ನೋಡಿ. ಕೊಂಗೋ, ಹರುನಾ ಎಂಬ ಜಪಾನಿನ ಎರಡು ಬ್ಯಾಟಲ್‌ಶಿಪ್‌ಗಳು (ಅತಿ ದೊಡ್ಡ ಯುದ್ಧನೌಕೆಗಳು) ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ 14 ಇಂಚಿನ 973 ಗುಂಡುಗಳನ್ನು ಆ ಸಣ್ಣ ಬಯಲಿನ ಮೇಲೆ ಸುರಿದವು. 90 ವಿಮಾನಗಳಲ್ಲಿ 48 ನಾಶ, 41 ಮಂದಿ ಸಾವು, ಪೆಟ್ರೋಲ್ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಮರುದಿನ ರಾತ್ರಿ ಕ್ರೂಸರ್‌ಗಳಿಂದ ಇನ್ನೂ 752 ಗುಂಡು. ಬದುಕಿದವರು ಜೀವಮಾನವಿಡೀ ಅದನ್ನು ಬರೀ ‘ಆ ರಾತ್ರಿ’ ಅಂತಲೇ ಕರೆದರು.

ನವೆಂಬರ್‌ನಲ್ಲಿ ಅದೇ ಕೆಲಸಕ್ಕೆ ಹಿಯೇ, ಕಿರಿಶಿಮಾ ಎಂಬ ಬ್ಯಾಟಲ್‌ಶಿಪ್‌ಗಳು ಬಂದಾಗ ಕ್ಯಾಲಗನ್, ಸ್ಕಾಟ್ ಎಂಬ ಅಮೆರಿಕದ ಇಬ್ಬರು ಅಡ್ಮಿರಲ್‌ಗಳು 13ರ ಬೆಳಗಿನ ಜಾವದ ಕತ್ತಲೆಯಲ್ಲಿ ಕ್ರೂಸರ್ ಡೆಸ್ಟ್ರಾಯರ್‌ಗಳನ್ನಷ್ಟೇ ಇಟ್ಟುಕೊಂಡು ಅಡ್ಡ ನಿಂತರು. ಇಬ್ಬರೂ ಸತ್ತರು. ಜೂನೋ ಹಡಗಿನ ಜೊತೆ ಸಲಿವನ್ ಮನೆಯ ಐದೂ ಅಣ್ಣತಮ್ಮಂದಿರು ಹೋದರು. ಅವರು ಅಡ್ಡ ನಿಲ್ಲದಿದ್ದರೆ ಇನ್ನೊಂದು ‘ಆ ರಾತ್ರಿ’ ಆಗುತ್ತಿತ್ತು. ಇದನ್ನು ಹೆಸರಿಲ್ಲದ ದಿನಗಳಿಗಿಂತ ಕಡಿಮೆ ಅನ್ನಲು ನನ್ನಿಂದಾಗದು.

ದಿನಚರಿ ಓದುಗ:
ಕಡಿಮೆ ಅನ್ನುವ ಮಾತೇ ಇಲ್ಲ. ಹಾಗೆ ಕೇಳಿಸಿದ್ದರೆ ನಾನು ಬರೆದ ರೀತಿ ತಪ್ಪು. ಆದರೆ ಹಿಯೇ ಮುಳುಗಿದ್ದು ಹೇಗೆ ಅಂತ ನೋಡಿ. ರಾತ್ರಿ ಅದರ ಚುಕ್ಕಾಣಿ ಕೆಟ್ಟಿತು. ಬೆಳಗಾದಾಗ ಸಾವೋ ದ್ವೀಪದ ಹತ್ತಿರವೇ ಸುತ್ತು ಹಾಕುತ್ತಿತ್ತು. ಹೆಂಡರ್ಸನ್ ಫೀಲ್ಡಿನಿಂದ ಕಣ್ಣಿಗೆ ಕಾಣುವಷ್ಟು ದೂರ. ಆ ದಿನವಿಡೀ ವಿಮಾನಗಳು ಹೋಗಿ ಬಾಂಬ್, ಟಾರ್ಪೆಡೋ ಹಾಕಿ, ಬಂದು ತುಂಬಿಕೊಂಡು ಮತ್ತೆ ಹೋದವು. ಕ್ಯಾಲಗನ್‌ನ ಹಡಗುಗಳು ಆ ಬ್ಯಾಟಲ್‌ಶಿಪ್ಪನ್ನು ಬೆಳಗಿನವರೆಗೆ ಹಿಡಿದು ನಿಲ್ಲಿಸಿದವು, ಬೆಳಗು ಅದನ್ನು ಮುಗಿಸಿತು. ಮರುದಿನ ಜಪಾನಿನ ಅಡ್ಮಿರಲ್ ತನಾಕಾನ 11 ಸಾಗಣೆ ಹಡಗುಗಳು ಸ್ಲಾಟ್‌ನಲ್ಲಿ ಹಗಲಿಗೆ ಸಿಕ್ಕಿಬಿದ್ದವು. ದಡ ಮುಟ್ಟಿದ್ದು 4 ಮಾತ್ರ, ಅವೂ ಮರಳಿಗೆ ಏರಿ ನಿಂತು, ಇಳಿಸಿದ ಸಾಮಾನಿನ ಸಮೇತ ಬೆಳಿಗ್ಗೆ ಉರಿದವು.

ರಾತ್ರಿ ಪಾಳಿ:
ಇದನ್ನು ಒಪ್ಪುತ್ತೇನೆ. ‘ಬೆಳಗಾದಾಗ ಯಾರು ಎಲ್ಲಿದ್ದಾರೆ’ ಅನ್ನುವ ಪ್ರಶ್ನೆಗಾಗಿಯೇ ಆ ರಾತ್ರಿ ಕದನ ನಡೆಯಿತು ಅಂತ ಹೇಳಿ, ಆಗ ನಮ್ಮಿಬ್ಬರ ಮಾತೂ ಒಂದೇ.

ನಕ್ಷೆಪ್ರಿಯೆ:
ದಿನಚರಿಗಳನ್ನು ಹೋಲಿಸಿ ಓದುವವರಿಗೆ ಒಂದು ಎಚ್ಚರಿಕೆ. ಜಪಾನಿನ ನೌಕಾಪಡೆ ಎಲ್ಲಿದ್ದರೂ ಟೋಕಿಯೋ ಸಮಯವನ್ನೇ ಬರೆಯುತ್ತಿತ್ತು. ಗ್ವಾಡಲ್‌ಕೆನಾಲ್‌ನ ಸ್ಥಳೀಯ ಸಮಯ ಅದಕ್ಕಿಂತ ಎರಡು ಗಂಟೆ ಮುಂದೆ. ಅಮೆರಿಕನ್ ದಾಖಲೆಯಲ್ಲಿ 14ರ ನಡುರಾತ್ರಿ ಒಂದೂವರೆಗೆ ಬಿದ್ದ ಗುಂಡು, ಜಪಾನಿ ದಾಖಲೆಯಲ್ಲಿ 13ರ ರಾತ್ರಿ ಹನ್ನೊಂದೂವರೆ. ಗಂಟೆಯಷ್ಟೇ ಅಲ್ಲ, ತಾರೀಖೇ ಬದಲಾಗುತ್ತದೆ. ನಾನು ಇದು ತಿಳಿಯದೆ ಎರಡು ಬೇರೆ ಬೇರೆ ದಾಳಿ ಅಂತ ಬರೆದುಕೊಂಡಿದ್ದೆ. ನಕ್ಷೆಯನ್ನೆಲ್ಲ ಮತ್ತೆ ಗೀಚಬೇಕಾಯಿತು.

ಕೆಂಗೇರಿ ಮೆಕ್ಯಾನಿಕ್:
‘ಆ ರಾತ್ರಿ’ಯ ನಂತರದ ಎರಡು ದಿನ ನನಗೆ ಇಡೀ ಕಥೆಯ ಹೃದಯ. ಅಕ್ಟೋಬರ್ 15ರ ಬೆಳಿಗ್ಗೆ ಟಸ್ಸಾಫರೊಂಗಾ ದಡದಲ್ಲಿ ಜಪಾನಿನ ಆರು ಸಾಗಣೆ ಹಡಗುಗಳು ಹಾಡಹಗಲೇ ಸಾಮಾನು ಇಳಿಸುತ್ತಿವೆ, ಅಮೆರಿಕನ್ನರ ಬಳಿ ಪೆಟ್ರೋಲ್ ಇಲ್ಲ. ಕೆಟ್ಟು ಬಿದ್ದ ವಿಮಾನಗಳ ಟ್ಯಾಂಕುಗಳಿಂದ ಬಸಿದರು. ಮರಗಳ ಮರೆಯಲ್ಲಿ ಹೂತಿಟ್ಟು ಮರೆತಿದ್ದ ಡ್ರಮ್‌ಗಳನ್ನು ಹುಡುಕಿ ತೆಗೆದರು. ಸಾಗಣೆ ವಿಮಾನಗಳು ಒಂದೊಂದರಲ್ಲಿ 12 ಡ್ರಮ್ ತಂದು ಇಳಿಸಿದವು. 12 ಡ್ರಮ್ ಅಂದರೆ 12 ವೈಲ್ಡ್‌ಕ್ಯಾಟ್‌ಗಳಿಗೆ ಒಂದು ಗಂಟೆ. ಅದಕ್ಕಿಂತ ಹೆಚ್ಚಿಲ್ಲ.

ಹೆಂಡರ್ಸನ್ ಫೀಲ್ಡಿನ ವಿಮಾನಪಡೆಯ ಮುಖ್ಯಸ್ಥ ಜನರಲ್ ಗೈಗರ್‌ನ ಸ್ವಂತ ಓಡಾಟದ ಕ್ಯಾಟಲೀನಾ ಅಲ್ಲಿತ್ತು. ನೀರಿನ ಮೇಲೂ ನೆಲದ ಮೇಲೂ ಇಳಿಯುವ, ಹುಡುಕಾಟಕ್ಕೆ ಮಾಡಿದ ಮಂದಗತಿಯ ವಿಮಾನ. ಅದರ ಪೈಲಟ್ ಮೇಜರ್ ಜ್ಯಾಕ್ ಕ್ರಾಮ್ ಎರಡೂ ರೆಕ್ಕೆಯಡಿ ಒಂದೊಂದು ಟಾರ್ಪೆಡೋ ಕಟ್ಟಿಸಿಕೊಂಡು ಆ ಸಾಗಣೆ ಹಡಗುಗಳ ಮೇಲೆ ನುಗ್ಗಿದ. ಝೀರೋಗಳು ಬೆನ್ನಟ್ಟಿ ತೂತು ಮಾಡಿದರೂ ವಾಪಸ್ ಬಂದ. ಅವತ್ತು ಮೂರು ಸಾಗಣೆ ಹಡಗುಗಳು ಹೋದವು.

ಕ್ಯಾಟಲೀನಾ ಅಂದಾಗ ನಮ್ಮೂರು ನೆನಪಾಗದೆ ಇರುವುದಿಲ್ಲ. 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಬಂದ ಮೇಲೆ ಇದೇ ಜಾತಿಯ ವಿಮಾನಗಳು ದುರಸ್ತಿಗೆ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಅವು ಸೊಲೊಮನ್‌ನ ವಿಮಾನಗಳಲ್ಲ, ಈ ಕಡೆಯ ಯುದ್ಧರಂಗದವು. ಆದರೂ ಆ ಎಂಜಿನ್ ಬಿಚ್ಚಿ ಜೋಡಿಸಿದ ಕೈಗಳು ನಮ್ಮವರವು ಅನ್ನುವುದು ನನಗೆ ದೊಡ್ಡದು.

ತದಡಿ ಕಡಲು:
ಅಣ್ಣ, ನೀವು ಡ್ರಮ್ ಲೆಕ್ಕ ಹೇಳಿದಿರಿ. ಆಚೆ ಬದಿಯಲ್ಲೂ ಕೊನೆಗೆ ಡ್ರಮ್ ಲೆಕ್ಕವೇ ಆಯಿತು.

ನವೆಂಬರ್ ಹೊತ್ತಿಗೆ ಡೆಸ್ಟ್ರಾಯರ್‌ಗಳಿಗೆ ದಡದಲ್ಲಿ ನಿಲ್ಲುವಷ್ಟೂ ಪುರಸೊತ್ತು ಉಳಿಯಲಿಲ್ಲ. ಹಾಗಾಗಿ ಎಣ್ಣೆಯ ಖಾಲಿ ಡ್ರಮ್‌ಗಳನ್ನು ತೊಳೆದು, ತೇಲಲಿ ಅಂತ ಪೂರ್ತಿ ತುಂಬದೆ ಅಕ್ಕಿ, ಬಾರ್ಲಿ ಹಾಕಿ, ಹಗ್ಗದಲ್ಲಿ ಪೋಣಿಸಿ ಡೆಕ್ಕಿನ ಮೇಲೆ ಇಟ್ಟುಕೊಂಡು ಬಂದರು. ದಡದ ಹತ್ತಿರ ಹಡಗು ನಿಲ್ಲಿಸದೆಯೇ ನೀರಿಗೆ ತಳ್ಳುವುದು. ಹಗ್ಗದ ತುದಿಯನ್ನು ದಡದವರು ಹಿಡಿದು ಎಳೆದುಕೊಳ್ಳುವುದು. ಡಿಸೆಂಬರ್ 3ರ ರಾತ್ರಿ 1,500 ಡ್ರಮ್ ಇಳಿಸಿದರು. ದಡ ಸೇರಿದ್ದು 310. ಹಗ್ಗ ಹರಿದವು. ಎಳೆಯುವವರಲ್ಲಿ ಶಕ್ತಿ ಇರಲಿಲ್ಲ, ಮಲೇರಿಯಾ ಮತ್ತು ಹಸಿವಿನಲ್ಲಿ ನಿಲ್ಲಲೂ ಆಗದವರು ಅವರು. ಉಳಿದ ಡ್ರಮ್‌ಗಳು ಬೆಳಗಾದರೂ ತೇಲುತ್ತಲೇ ಇದ್ದವು, ವಿಮಾನಗಳು ಬಂದು ಮೆಷಿನ್ ಗನ್ನಿನಿಂದ ಒಂದೊಂದಾಗಿ ಮುಳುಗಿಸಿದವು. ಜಪಾನಿ ಸೈನಿಕರು ಆ ದ್ವೀಪವನ್ನು ‘ಹಸಿವಿನ ದ್ವೀಪ’ ಅಂದರು. ಅಲ್ಲಿ ಸತ್ತ ಅವರ ಸಾವಿರಾರು ಮಂದಿಯಲ್ಲಿ ಬಹಳಷ್ಟು ಜನಕ್ಕೆ ಗುಂಡು ತಾಗಿರಲೇ ಇಲ್ಲ. ದಡದಿಂದ ನೋಡುತ್ತಿದ್ದವನ ಕಣ್ಣೆದುರಿಗೇ ಅಕ್ಕಿ ಮುಳುಗುವುದನ್ನು ನೆನೆದರೆ ಅವನು ಯಾವ ಕಡೆಯವನು ಅನ್ನುವುದು ನನಗೆ ನೆನಪಿಗೆ ಬರುವುದಿಲ್ಲ.

ಹೊಸಬ:
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೊನೆಗೆ ಅವರು ಅಲ್ಲಿಂದ ಹೊರಬಂದದ್ದು ಹೇಗೆ?

ದಿನಚರಿ ಓದುಗ:
ಅದೇ ವೇಳಾಪಟ್ಟಿಯಲ್ಲಿ. 1943ರ ಫೆಬ್ರವರಿ 1, 4 ಮತ್ತು 7ರ ರಾತ್ರಿ ಡೆಸ್ಟ್ರಾಯರ್‌ಗಳು ಅದೇ ಸ್ಲಾಟ್ ದಾರಿಯಲ್ಲಿ, ಅದೇ ಹೊತ್ತಿಗೆ, ದ್ವೀಪದ ಪಶ್ಚಿಮ ತುದಿಗೆ ಬಂದವು. ಅಮೆರಿಕನ್ನರು ಇನ್ನೊಂದು ದೊಡ್ಡ ಪಡೆ ಇಳಿಯುತ್ತಿದೆ ಅಂದುಕೊಂಡು ಕಾಯುತ್ತಿದ್ದರು. ಆರು ತಿಂಗಳಿಂದ ನೋಡಿದ್ದು ಅದನ್ನೇ ತಾನೆ. ಈ ಸಲ ಹಡಗುಗಳು ಬರಿದಾಗಿ ಬಂದು ತುಂಬಿಕೊಂಡು ಹೋದವು. ಮೂರು ರಾತ್ರಿಗಳಲ್ಲಿ 10,652 ಮಂದಿ. ಬಹಳ ಜನರನ್ನು ಹಡಗಿನ ಬದಿಯ ಬಲೆಯೇಣಿ ಹತ್ತಲು ಆಗದೆ ನಾವಿಕರೇ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡರು.